ಕುಂಭಾಶಿಯ ಸೊನ್ನೆ

ಕುಂದಾಪುರದಿಂದ ಉಡುಪಿಯತ್ತ ಹೆದ್ದಾರಿಯಲ್ಲಿ ಹೋಗುವವರಿಗೆ ಆನೆಗುಡ್ಡೆಯ ವಿನಾಯಕನ ಕ್ಷೇತ್ರವಾದ ಕುಂಭಾಶಿಯು ಅಪರಿಚಿತವಲ್ಲ. ಗಣಪತಿಯು ಅನುಗ್ರಹಿಸಿದ ಅಸಿಯಿಂದ, ಎಂದರೆ ಖಡ್ಗದಿಂದ, ಭೀಮಸೇನನು ಕುಂಭಾಸುರನನ್ನು ಸಂಹರಿಸಿದುದರಿಂದ ಈ ಹೆಸರು ಬಂದಿತೆಂದು ಸ್ಥಳಪುರಾಣವು ಹೇಳುತ್ತದೆ. ನಾವು ಇಲ್ಲಿ ವಿಚಾರಿಸಹೊರಟಿರುವುದು ಆ ಹೆಸರಿನೊಳಗಿರುವ ಒಂದು ಪುಟ್ಟ ಸೊನ್ನೆಯನ್ನು.

ಕನ್ನಡದಲ್ಲಿ ಸೊನ್ನೆಯೆಂಬ ಒಂದೇ ಹೆಸರು ಎರಡು ಚಿಹ್ನೆಗಳಿಗೆ ಸಲ್ಲುತ್ತದೆ. ಒಂದು, ಗಣಿತದ ಶೂನ್ಯ. ಯಾವ ಸಂಖ್ಯೆಯನ್ನು ಇದರಿಂದ ಗುಣಿಸಿದರೂ ಶೂನ್ಯವೇ ಬರುವುದೆಂದು ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾರೆ. ಇನ್ನೊಂದು, ಅನುಸ್ವಾರ. ಇದು ಮುಂದಿನ ಅಕ್ಷರಕ್ಕೆ ತಕ್ಕ ಉಚ್ಚಾರವನ್ನು ತಾಳುತ್ತದೆ. ಕುಂಭಾಶಿಯಲ್ಲಿ ಮಕಾರ, ಕುಂದಾಪುರದಲ್ಲಿ ನಕಾರ. ಎರಡು ಚಿಹ್ನೆಗಳೂ ದುಂಡಗಿದ್ದರೂ, ಓದುವವನು ಸಂದರ್ಭವನ್ನು ನೋಡಿ ತಿಳಿದುಕೊಳ್ಳುವುದರಿಂದ ಕೈಬರೆಹದಲ್ಲಿ ಬಾಧಕವಾಗಲಿಲ್ಲ.

ಗಣಕಯಂತ್ರದ ರೀತಿಯೇ ಬೇರೆ. ಅದು ಅಕ್ಷರವನ್ನು ಆಕಾರದಿಂದಲ್ಲ, ಸಂಖ್ಯೆಯಿಂದ ಅರಿಯುತ್ತದೆ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯುನಿಕೋಡ್ ಎಂಬ ವ್ಯವಸ್ಥೆಯು ೧೯೯೧ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡವೂ ಅದರಲ್ಲಿ ಸೇರಿತು. ಅಲ್ಲಿ ಅನುಸ್ವಾರದ ಸಂಖ್ಯೆ ೩೨೦೨; ಕನ್ನಡ ಅಂಕಿಯಾದ ಸೊನ್ನೆಯದು ೩೩೦೨. ಕಣ್ಣಿಗೆ ಒಂದೇ ಆದವು ಯಂತ್ರದ ಲೆಕ್ಕದಲ್ಲಿ ಸರಿಯಾಗಿ ನೂರು ಸ್ಥಾನ ದೂರವಾಗಿವೆ.

ಮನೆತನದ ವಂಶಾವಳಿಯನ್ನು ಗಣಕದಲ್ಲಿ ಬರೆದಿಡುವವರು ಅನುಸ್ವಾರಕ್ಕೆ ಬದಲಾಗಿ ಅಂಕಿಯನ್ನೊತ್ತಿ ‘ಕು೦ಭಾಶಿ’ ಎಂದು ಮೂಡಿಸಿದರೆನ್ನೋಣ. ಓದುವಾಗ ದೋಷವು ತೋರದೆ ಹೋಗಬಹುದು. ಆದರೆ ಮುಂದೊಂದು ದಿನ ದೂರದೇಶದಲ್ಲಿರುವ ಮೊಮ್ಮಗಳು ಶುದ್ಧವಾದ ಕಾಗುಣಿತದಿಂದ ತನ್ನ ಹಿರಿಯರ ಊರನ್ನು ಹುಡುಕಿದರೆ, ಎರಡನ್ನೂ ಒಂದೆಂದೆಣಿಸಲು ವಿಶೇಷವಾಗಿ ಕಲಿಸದ ಯಂತ್ರವು ಅಂಥ ಊರೇ ಇಲ್ಲವೆನ್ನುವುದು. ಅಜ್ಜನ ಹೆಸರು ಅಲ್ಲಿಯೇ ಇದ್ದರೂ ಅವಳಿಗೆ ದೊರೆಯದು. ಹೆಸರುಗಳ ಅಕಾರಾದಿ ಕ್ರಮವೂ ಕೆಡುವುದು.

ಪರಿಹಾರವು ಕಷ್ಟದ್ದಲ್ಲ. ಬರೆದ ಕಡತದಲ್ಲಿ ‘೦’ ಎಂಬ ಅಂಕಿಯೊಂದನ್ನೇ ಕೊಟ್ಟು ಹುಡುಕಬೇಕು. ಶಬ್ದಗಳ ನಡುವೆ ಅದು ಸಿಕ್ಕಿದಲ್ಲೆಲ್ಲ ತೆಗೆದು ಅನುಸ್ವಾರವನ್ನು ಇರಿಸಬೇಕು. ಕೆ. ಪಿ. ರಾವ್ ಅವರು ರೂಪಿಸಿದ, ಬಹುಜನರ ಬಳಕೆಯಲ್ಲಿರುವ ಕೀಲಿಮಣೆಯ ಕ್ರಮದಲ್ಲಿ ಅನುಸ್ವಾರವು ಇಂಗ್ಲಿಷಿನ ದೊಡ್ಡಕ್ಷರ ‘ಎಮ್’ನ ಕೀಲಿಯಲ್ಲಿದೆ.

ಲೆಕ್ಕದಲ್ಲಿ ಸೊನ್ನೆ ತಪ್ಪಿದರೆ ಹಣವು ಕೆಡುವುದೆಂದು ಎಚ್ಚರವಹಿಸುವ ನಾವು, ಹೆಸರಿನ ಸೊನ್ನೆಯಲ್ಲಿಯೂ ಅಷ್ಟೇ ಎಚ್ಚರವಹಿಸುವುದು ಯುಕ್ತವಲ್ಲವೆ?