ಗಣಿತದ ವಿಡಿಯೊ ಆರಿಸುವುದು ಹೇಗೆ?

"ಸರ್, ಟ್ಯೂಷನ್‌ಗೆ ಹೋಗಲು ಆಗುವುದಿಲ್ಲ. ಮೊಬೈಲಿನಲ್ಲಿ ಯಾವುದನ್ನು ನೋಡಿ ಗಣಿತ ಕಲಿಯಲಿ?" ಪ್ರಥಮ ಪಿಯುಸಿ ತರಗತಿಗಳು ಶುರುವಾಗಿ ತಿಂಗಳಾಗುವಷ್ಟರಲ್ಲಿ ಪ್ರತಿ ವರ್ಷ ಈ ಪ್ರಶ್ನೆ ನನ್ನ ಬಳಿ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರು. ಲೆಕ್ಕ ಗೊತ್ತಿದ್ದರೂ ಇಂಗ್ಲಿಷ್ ಪಾಠಕ್ಕೆ ಹೆದರಿ ಸೈನ್ಸ್ ಬಿಡುವ ಯೋಚನೆ ಮಾಡುವವರೂ ಅವರಲ್ಲಿದ್ದಾರೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ವಿಡಿಯೊಗಳಿಗೆ ಕೊರತೆಯಿಲ್ಲ, ಆರಿಸುವುದೇ ಕಷ್ಟ. ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಹೊಸ ಚಾನೆಲ್ ಕಂಡರೆ ಮೊದಲು ಅದರಲ್ಲಿ ಒಂದೇ ಪಾಠ ಹುಡುಕುತ್ತೇನೆ: ಎಕ್ಸ್ ಸೊನ್ನೆಯ ಕಡೆಗೆ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್‌ನ ಲಿಮಿಟ್ 1 ಏಕೆ?

ಕೆಲವರು "ಇದು ಫಾರ್ಮುಲಾ, ಬರೆದುಕೊಳ್ಳಿ" ಎಂದು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಲೋಪಿಟಾಲ್ ನಿಯಮ ಎಂದು ಹೇಳಿ, ಮೇಲೆ ಕೆಳಗೆ ಡಿಫರೆನ್ಶಿಯೇಟ್ ಮಾಡಿ, ಕಾಸ್ ಸೊನ್ನೆ ಅಂದರೆ 1 ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನೋಡಲು ಚೆನ್ನಾಗಿದೆ. ಆದರೆ ಸೈನ್‌ನ ಡೆರಿವೇಟಿವ್ ಕಾಸ್ ಎಂದು ನಮ್ಮ ಪುಸ್ತಕದಲ್ಲಿ ಸಾಧಿಸುವುದೇ ಈ ಲಿಮಿಟ್ ಬಳಸಿ! ಸಾಲ ಕೇಳಿದವನು ತನಗೆ ತಾನೇ ಜಾಮೀನು ನಿಂತ ಹಾಗಾಯಿತು.

ಮೂರನೆಯ ತರಹದವರು ವೃತ್ತ ಬರೆಯುತ್ತಾರೆ. ತ್ರಿಜ್ಯ 1, ಕೋನ ಎಕ್ಸ್. ಒಳಗೆ ಒಂದು ಚಿಕ್ಕ ತ್ರಿಕೋನ, ಅದನ್ನು ಮುಚ್ಚುವ ಸೆಕ್ಟರ್, ಅದರ ಹೊರಗೆ ದೊಡ್ಡ ತ್ರಿಕೋನ. ಕ್ಷೇತ್ರಫಲಗಳು ಕ್ರಮವಾಗಿ ಸೈನ್ ಎಕ್ಸ್, ಎಕ್ಸ್, ಟ್ಯಾನ್ ಎಕ್ಸ್ ಇವುಗಳ ಅರ್ಧ. ಅದರಿಂದ ಸೈನ್ ಎಕ್ಸ್ ಬೈ ಎಕ್ಸ್ ಎನ್ನುವುದು ಕಾಸ್ ಎಕ್ಸ್ ಮತ್ತು 1ರ ನಡುವೆ ಸಿಕ್ಕಿಕೊಳ್ಳುತ್ತದೆ. ಕೋನ ಚಿಕ್ಕದಾದಂತೆ ಕಾಸ್ ಎಕ್ಸ್ ಕೂಡ 1ಕ್ಕೆ ಬರುತ್ತದೆ, ನಡುವಿನದಕ್ಕೆ ಬೇರೆ ದಾರಿಯೇ ಇಲ್ಲ. ಇಲ್ಲಿ ಒಳ್ಳೆಯ ಶಿಕ್ಷಕರು ಇನ್ನೊಂದು ಮಾತು ಸೇರಿಸುತ್ತಾರೆ: ಸೆಕ್ಟರ್‌ನ ಕ್ಷೇತ್ರಫಲ ಎಕ್ಸ್‌ನ ಅರ್ಧವಾಗುವುದು ಕೋನ ರೇಡಿಯನ್‌ನಲ್ಲಿದ್ದರೆ ಮಾತ್ರ.

ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ನೋಡಿ. ರೇಡಿಯನ್ ಮೋಡ್‌ನಲ್ಲಿ ಸೈನ್ 0.1 ಅನ್ನು 0.1ರಿಂದ ಭಾಗಿಸಿದರೆ 0.9983. ಡಿಗ್ರಿ ಮೋಡ್‌ಗೆ ಹಾಕಿ ಅದನ್ನೇ ಮಾಡಿದರೆ 0.01745, ಅಂದರೆ ಪೈ ಬೈ 180. ರೇಡಿಯನ್ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಸಿಕ್ಕಿಲ್ಲ. ಇಷ್ಟನ್ನು ಹೇಳುವ ಚಾನೆಲ್ ಸಿಕ್ಕರೆ, ಚಂದಾದಾರರು ಕಡಿಮೆ ಇದ್ದರೂ ಉಳಿಸಿಕೊಳ್ಳಿ.

ಅಂದ ಹಾಗೆ, ಇದೇ ಚಿತ್ರ, ಇದೇ ವಾದ 11ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ 'ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್' ಅಧ್ಯಾಯದಲ್ಲೇ ಇದೆ. ಪುಸ್ತಕ ಎನ್‌ಸಿಇಆರ್‌ಟಿ ವೆಬ್‌ಸೈಟ್‌ನಲ್ಲಿ ಉಚಿತ. ಹೆಚ್ಚಿನ ಲೆಕ್ಕ ಬೇಕೆನ್ನುವವರಿಗೆ 'ಎಕ್ಸೆಂಪ್ಲರ್' ಕೂಡ ಅಲ್ಲೇ ಸಿಗುತ್ತದೆ. ವಿಡಿಯೊ ನೋಡುವ ಮೊದಲು ಅದರ ದಿನಾಂಕವನ್ನೂ ಗಮನಿಸಿ. 2022-23ರಲ್ಲಿ ಎನ್‌ಸಿಇಆರ್‌ಟಿ ಮ್ಯಾಥಮೆಟಿಕಲ್ ಇಂಡಕ್ಷನ್‌ನಂಥ ಕೆಲವು ಭಾಗಗಳನ್ನು ಕೈಬಿಟ್ಟಿತು. ಹಳೆಯ ವಿಡಿಯೊಗಳಲ್ಲಿ ಅವು ಹಾಗೆಯೇ ಇರುತ್ತವೆ.

ಭಾಷೆಯ ತೊಂದರೆ ಇರುವವರು ಖಾನ್ ಅಕಾಡೆಮಿಯ ಕನ್ನಡ ಪಾಠಗಳಿಂದ ಶುರು ಮಾಡಿ. ಪಿಯುಸಿ ಪಾಠ ಅಲ್ಲೇ ಹುಡುಕಬೇಡಿ, 9 ಮತ್ತು 10ನೇ ತರಗತಿಯ ಬೀಜಗಣಿತ, ತ್ರಿಕೋನಮಿತಿ ನೋಡಿ. ಪ್ರಥಮ ಪಿಯುಸಿಯಲ್ಲಿ ಎಡವುವುದು ಬಹುಪಾಲು ಅಲ್ಲೇ ಉಳಿದ ಸಂದೇಹಗಳಿಂದ. ಸೋದರ ಸಂಬಂಧಿ ಹುಡುಗಿಗೆ ದೂರದಿಂದ ಲೆಕ್ಕ ಹೇಳಿಕೊಡಲು 2004ರಲ್ಲಿ ಸಲ್ಮಾನ್ ಖಾನ್ ಎಂಬವರು ಆರಂಭಿಸಿದ ಕೆಲಸ ಅದು (ನಟ ಅಲ್ಲ ಮಾರಾಯ್ರೇ!). ಇಂಗ್ಲಿಷ್ ರೂಢಿಯಾದ ಮೇಲೆ '3ಬ್ಲೂ1ಬ್ರೌನ್' ಚಾನೆಲ್‌ನ ಕ್ಯಾಲ್ಕುಲಸ್ ಸರಣಿ ನೋಡಿ. ಅದು ಪರೀಕ್ಷೆಗಲ್ಲ, ವಿಷಯ ಇಷ್ಟವಾಗಲು.

ಪರೀಕ್ಷೆಗೆ ಬೇಕಾದದ್ದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟ್‌ನ ಮಾದರಿ ಪ್ರಶ್ನೆಪತ್ರಿಕೆ. ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳನ್ನು ನಾನು ಬೇಡ ಎನ್ನುವುದಿಲ್ಲ. ಕಾಗದದ ಮೇಲೆ ನಿಮ್ಮ ಉತ್ತರ ಬಂದ ಮೇಲೆ ಹೋಲಿಸಿ ನೋಡಲು ಬಳಸಿ, ಅಷ್ಟೇ.

ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಕಪ್ಪು ಹಲಗೆಯ ಮೇಲೆ ನಾವು ಒಂದು ಚಿತ್ರ ಬರೆಯಬಹುದು, ಅದನ್ನು ಕದಲಿಸಲಾಗದು. ಮಾರ್ಕುಸ್ ಹೋಹನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದಲ್ಲಿ ರೂಪಿಸಲು ಆರಂಭಿಸಿದ ಜಿಯೋಜೀಬ್ರಾ ಆ ಕೆಲಸ ಮಾಡುತ್ತದೆ. ವೈ ಈಕ್ವಲ್ಸ್ ಎ ಸೈನ್ ಬಿ ಎಕ್ಸ್ ಎಂದು ಬರೆದು ಎ, ಬಿ ಗಳಿಗೆ ಸ್ಲೈಡರ್ ಇಟ್ಟು ಎಳೆದರೆ, ಒಂದು ಅಲೆಯ ಎತ್ತರವನ್ನೂ ಇನ್ನೊಂದು ಅದರ ಅಗಲವನ್ನೂ ಬದಲಿಸುವುದು ಕಣ್ಣಿಗೇ ಕಾಣುತ್ತದೆ. ಎಳೆಯುವ ಮೊದಲು "ಈಗ ಏನಾಗಬಹುದು?" ಎಂದು ತರಗತಿಯನ್ನು ಕೇಳಿ, ಇಲ್ಲವಾದರೆ ಅದು ಬರೀ ಸಿನಿಮಾ ಆಗುತ್ತದೆ.

ಜಿಯೋಜೀಬ್ರಾ ಆ್ಯಪ್ ಒಮ್ಮೆ ಇನ್‌ಸ್ಟಾಲ್ ಆದರೆ ಗ್ರಾಫ್ ಬರೆಯಲು ನೆಟ್ ಬೇಕಿಲ್ಲ. ಡೇಟಾ ಸಾಲದವರು ಮೊಬೈಲ್ ತೆಗೆದುಕೊಂಡು ಸಂಜೆ ಸ್ಟಾಫ್ ರೂಮಿಗೆ ಬನ್ನಿ, ನನ್ನ ಹಾಟ್‌ಸ್ಪಾಟ್‌ನಿಂದ ಹಾಕಿಕೊಡುತ್ತೇನೆ.