ಮಷಿನ್ನೋ, ಡಂಬೆಲ್ಲೋ?

ಎಲೆಕ್ಟ್ರಾನಿಕ್ ಸಿಟಿಯ ಓದುಗರೊಬ್ಬರು ಕೇಳಿದ್ದಾರೆ: 'ನಮ್ಮ ಆಫೀಸಿನ ಜಿಮ್‌ನಲ್ಲಿ ಮಷಿನ್‌ಗಳೇ ಹೆಚ್ಚು. ಡಂಬೆಲ್, ರಾಡ್ ಹಿಡಿಯದೆ ಶಕ್ತಿ ಬರುವುದಿಲ್ಲ ಅಂತಾರೆ ಗೆಳೆಯರು. ನಿಜವೇ?'

ಉತ್ತರಕ್ಕೆ ಪೀಣ್ಯದ ವರ್ಕ್‌ಶಾಪಿಗೆ ಹೋಗೋಣ. ಐಟಿಐನಲ್ಲಿ ಫಿಟರ್ ಹುಡುಗರ ಮೊದಲ ಪಾಠಗಳಲ್ಲಿ ಫೈಲಿಂಗ್ ಒಂದು. ವೈಸ್‌ಗೆ ಕಬ್ಬಿಣದ ತುಂಡು ಬಿಗಿದು ಅರದಿಂದ ಉಜ್ಜಬೇಕು. ಅರ ತಳ್ಳುವುದು ಸುಲಭ, ಅತ್ತಿತ್ತ ವಾಲದಂತೆ ಮಟ್ಟಸವಾಗಿ ತಳ್ಳುವುದು ಕಷ್ಟ. ಮಣಿಕಟ್ಟು, ಭುಜ, ಸೊಂಟ, ಪಾದ ಎಲ್ಲವೂ ಸೇರಿ ಆ ಮಟ್ಟ ಕಾಯಬೇಕು. ಅದೇ ಹುಡುಗ ಲೇತ್ ಯಂತ್ರದ ಮುಂದೆ ನಿಂತರೆ, ಉಳಿ ಹೊತ್ತ ಕ್ಯಾರೇಜು ಬೆಡ್ಡಿನ ದಾರಿ ಬಿಟ್ಟು ಕದಲುವುದಿಲ್ಲ. ದಿಕ್ಕು ಕಾಯುವ ಹೊಣೆ ಯಂತ್ರದ್ದು, ಹ್ಯಾಂಡಲ್ ತಿರುಗಿಸುವುದಷ್ಟೇ ಅವನದು.

ಜಿಮ್‌ನ ಲೆಗ್ ಪ್ರೆಸ್ ಮಷಿನ್ ಈ ಲೇತಿನ ಜಾತಿಗೆ ಸೇರಿದ್ದು. ಬೆನ್ನಿಗೆ ಆಸರೆಯಿದೆ, ತೂಕ ಹಳಿಯ ಮೇಲೆ ಜಾರುತ್ತದೆ, ಕಾಲು ತಳ್ಳಿದರೆ ಸಾಕು. ಹೆಗಲ ಮೇಲೆ ರಾಡ್ ಹೊತ್ತು ಬಸ್ಕಿ ಹೊಡೆಯುವವರಿಗೆ ಆ ಅನುಕೂಲವಿಲ್ಲ. ಬೆನ್ನು, ಹೊಟ್ಟೆ, ಪಾದದ ಸಣ್ಣ ಸ್ನಾಯುಗಳೆಲ್ಲ ಸಮತೋಲಕ್ಕೆ ದುಡಿಯುತ್ತವೆ. ಲೆಗ್ ಪ್ರೆಸ್‌ನಲ್ಲಿ ಭಾರೀ ತೂಕ ತಳ್ಳುವವರು ಬಸ್ಕಿಯಲ್ಲಿ ಅಷ್ಟು ಎತ್ತಲಾಗದಿರುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಮಷಿನ್ನನ್ನು ಸೋಮಾರಿಗಳ ಆಟಿಕೆ ಎನ್ನುವಂತಿಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 1865ರಲ್ಲೇ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮ ಯಂತ್ರಗಳ ಚಿಕಿತ್ಸಾಲಯ ತೆರೆದಿದ್ದ. ಅಮೆರಿಕದ ಆರ್ಥರ್ ಜೋನ್ಸ್ 1970ರ ಸುಮಾರಿಗೆ ಮಾರಾಟಕ್ಕೆ ತಂದ ನಾಟಿಲಸ್ ಯಂತ್ರದ ಹಿಂದೆ ಸೊಗಸಾದ ಗಣಿತವಿದೆ. ಮುಂಗೈ ನೆಲಕ್ಕೆ ಸಮಾನಾಂತರವಾಗಿದ್ದಾಗ ಡಂಬೆಲ್ ಮೊಣಕೈಯಿಂದ ಸುಮಾರು 35 ಸೆಂ.ಮೀ. ದೂರದಲ್ಲಿರುತ್ತದೆ, ತೋಳಿನ ಬೈಸೆಪ್ಸ್ ಎಲುಬಿಗೆ ಅಂಟಿರುವುದು ಬರೀ 5 ಸೆಂ.ಮೀ. ದೂರದಲ್ಲಿ. ಅಂದರೆ 10 ಕೆ.ಜಿ. ಡಂಬೆಲ್ಲಿಗೆ ಸ್ನಾಯು ಸುಮಾರು 70 ಕೆ.ಜಿ.ಯಷ್ಟು ಎಳೆಯಬೇಕು. ಕೈ ಮೇಲೇರಿದಂತೆ ಈ ಎಳೆತ ಇಳಿಯುತ್ತದೆ. ಜೋನ್ಸ್ ದುಂಡನೆಯ ಗಾಲಿಯ ಬದಲು ಶಂಖದಾಕಾರದ ಕ್ಯಾಮ್ ಕೂರಿಸಿ, ಸ್ನಾಯುವಿನ ಬಲ ಏರಿಳಿದಂತೆ ಭಾರವೂ ಏರಿಳಿಯುವಂತೆ ಮಾಡಿದ. ಪೀಣ್ಯದಲ್ಲಿ ಕ್ಯಾಮ್ ಕಡೆಯುವವರಿಗೆ ಈ ಜಾಣ್ಮೆ ಥಟ್ಟನೆ ಹೊಳೆದೀತು.

ಹಾಗಾದರೆ ಗೆದ್ದವರು ಯಾರು? 2023ರಲ್ಲಿ ನಾರ್ವೆಯ ಸಂಶೋಧಕರು ಎರಡನ್ನೂ ಹೋಲಿಸಿದ 13 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಸ್ನಾಯು ಬೆಳೆಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಶಕ್ತಿಯ ವಿಷಯದಲ್ಲಿ ಮಾತ್ರ, ರಾಡ್ ಎತ್ತಿ ಪಳಗಿದವರು ರಾಡ್‌ನ ಪರೀಕ್ಷೆಯಲ್ಲಿ ಮುಂದಿದ್ದರು. ಶಕ್ತಿ ಎಂಬುದು ಸ್ನಾಯುವಿನ ಗಾತ್ರದಷ್ಟೇ ನರಗಳ ಕಲಿಕೆಯೂ ಹೌದು. ಯಾವುದನ್ನು ರೂಢಿಸುತ್ತೇವೋ ಅದರಲ್ಲೇ ಪಳಗುತ್ತೇವೆ.

ರಾಡಿನ ನಂಟು ನಮ್ಮಲ್ಲೂ ಹಳೆಯದು. ಬೆಂಗಳೂರಿನ ಹರ್ಕ್ಯುಲಿಸ್ ಜಿಮ್ನೇಷಿಯಂನ ಕೆ.ವಿ. ಅಯ್ಯರ್ 'ಮಸಲ್ ಕಲ್ಟ್' ಪುಸ್ತಕ ಬರೆದದ್ದು 1930ರಲ್ಲಿ. ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಬೋಧಿಸಿದ ಅವರು ನಾಟಿಲಸ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಗಟ್ಟಿ ಮೈಗಳನ್ನು ತಯಾರಿಸಿದ್ದರು. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಹಾಗೆ ಎತ್ತಲು ಕಲಿಯಬೇಕಾದರೆ ರಾಡನ್ನೇ ಹಿಡಿಯಬೇಕು.

ವೈಟ್‌ಫೀಲ್ಡಿನ ಫ್ಲ್ಯಾಟ್‌ನಲ್ಲಿ 20 ಲೀಟರಿನ ನೀರಿನ ಕ್ಯಾನನ್ನು ಸ್ಟ್ಯಾಂಡಿಗೆ ಏರಿಸುವಾಗಲೂ ಹಳಿ ಇರುವುದಿಲ್ಲ. ನೀರು ತುಳುಕುತ್ತದೆ, ಸೊಂಟವೇ ತಡೆಯಬೇಕು. ಅದಕ್ಕೆ ಡಂಬೆಲ್, ರಾಡ್ ಒಳ್ಳೆಯ ಪಾಠ. ಹೊಸಬರಿಗೆ, ಒಂಟಿಯಾಗಿ ಕಸರತ್ತು ಮಾಡುವವರಿಗೆ ಮಷಿನ್ ಕ್ಷೇಮ: ಕೈ ಸೋತರೆ ತೂಕ ಎದೆಯ ಮೇಲೆ ಬೀಳುವುದಿಲ್ಲ. ಒಂದನ್ನೇ ಆರಾಧಿಸುವ ಟ್ರೇನರ್‌ಗಳ ಮಾತನ್ನು ಪೂರ್ತಿ ನಂಬಬೇಡಿ.

ಸ್ನಾಯುಗಳಿಗೆ ವಾರಕ್ಕೆ ಕನಿಷ್ಠ ಎರಡು ದಿನ ಕೆಲಸ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓದುಗ ಮಿತ್ರರೇ, ನಿಮ್ಮ ಆಫೀಸಿನ ಮಷಿನ್‌ಗಳು ಧಾರಾಳ ಸಾಕು, ನಾಳೆಯೇ ಶುರು ಮಾಡಿ. ಭಾರವನ್ನು ಮೆಲ್ಲಗೆ ಏರಿಸುತ್ತಾ ಹೋಗಿ. ಮೈ ಪಳಗಿದ ಮೇಲೆ, ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ರಾಡ್ ಎತ್ತುವುದನ್ನೂ ಕಲಿಯಿರಿ.