ತದಡಿಯಲ್ಲಿ ಏಳದ ಹೊಗೆ

ಧಾರೇಶ್ವರದಿಂದ ಹೆದ್ದಾರಿ ಹಿಡಿದು ಕುಮಟಾ ಪೇಟೆ ದಾಟಿ ಉತ್ತರಕ್ಕೆ ಹೋದರೆ ಅಘನಾಶಿನಿ ಸಿಗುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೇ ಒಂದು ದೊಡ್ಡ ಅಣೆಕಟ್ಟಿಗೂ ಸಿಗದೆ ಹರಿದು ಬರುವ ಈ ಹೊಳೆ ತದಡಿಯ ಮಗ್ಗುಲಲ್ಲಿ ಕಡಲು ಸೇರುತ್ತದೆ. 2024ರ ಜನವರಿ ಕೊನೆಯಲ್ಲಿ ಇಲ್ಲಿನ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ನೆಲಗಳಲ್ಲಿ ಇದೂ ಒಂದು ಎಂಬ ಮನ್ನಣೆ ಅದು. ಆದರೆ ಅದಕ್ಕೂ ಸುಮಾರು ಹದಿನೆಂಟು ವರ್ಷ ಮೊದಲು ಇದೇ ಜಾಗಕ್ಕೆ ಬೇರೆಯದೇ ಹಣೆಬರಹ ಸಿದ್ಧವಾಗಿತ್ತು.

2005–06ರ ಸುಮಾರಿಗೆ ಕೇಂದ್ರ ಸರ್ಕಾರ ತಲಾ 4,000 ಮೆಗಾವಾಟ್‌ನ ಬೃಹತ್ ಉಷ್ಣ ವಿದ್ಯುತ್ ಸ್ಥಾವರಗಳನ್ನು ಕಟ್ಟಲು ಹೊರಟಿತು. ಕರ್ನಾಟಕದ ಪಾಲಿಗೆ ಗುರುತಾದ ಜಾಗ ತದಡಿ. ಕಡಲ ದಂಡೆಯಾದರೆ ಹಡಗಿನಲ್ಲಿ ಕಲ್ಲಿದ್ದಲು ಬರುತ್ತದೆ, ಯಂತ್ರ ತಣಿಸಲು ನೀರೂ ಸಿಗುತ್ತದೆ. ಆದರೆ ಇಳಿತದ ಹೊತ್ತಿಗೆ ದೋಣಿ ನಿಲ್ಲಿಸಿ, ಹೊಳೆಯ ಕೆಸರು ತಡಕಿ ಬಳಚು (ಚಿಪ್ಪುಮೀನು) ಆಯುವವರಿಗೆ ಇದು ಅನ್ನದ ಪ್ರಶ್ನೆ. ಸ್ಥಾವರದ ಬಿಸಿನೀರು ಹೊಳೆಗೆ ಬಿದ್ದರೆ ಮೀನು, ಬಳಚು ಉಳಿದಾವೇ? ಹಾರುಬೂದಿ ಗದ್ದೆಗೆ ಕೂತರೆ ಗತಿಯೇನು? ಪಡುಗಾಳಿ ಹೊಗೆಯನ್ನು ನೇರ ಘಟ್ಟಕ್ಕೇ ಒಯ್ಯುವುದರಿಂದ ಮೇಲಿನ ತಾಲ್ಲೂಕುಗಳ ಪರಿಸರ ಕಾರ್ಯಕರ್ತರೂ ದನಿಗೂಡಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಹಾಗೂ ಕುಮಟಾದಲ್ಲೇ ದುಡಿದ ಎಂ.ಡಿ. ಸುಭಾಷ್ ಚಂದ್ರನ್ ಅವರ ತಂಡ ಅಳಿವೆಯ ಬದುಕನ್ನು ಅಂಕಿ-ಅಂಶ ಸಮೇತ ದಾಖಲಿಸಿತು. ಕೊನೆಗೆ ಯೋಜನೆ ತದಡಿಯಿಂದ ಕಾಲ್ತೆಗೆಯಿತು. 2013ರಲ್ಲಿ ಮೂಡುಬಿದಿರೆ ಕಡೆಯ ನಿಡ್ಡೋಡಿಯ ಹೆಸರು ಕೇಳಿಬಂತು. ಅಲ್ಲಿನ ಜನರೂ ಒಪ್ಪಲಿಲ್ಲ.

ಅಂದು ನಡೆದದ್ದು ಊರು ಉಳಿಸಿಕೊಳ್ಳುವ ಹೋರಾಟ. ಅದರಿಂದ ಭೂಮಿಯ ಬಿಸಿಗೆ ಎಷ್ಟು ತಡೆ ಬಿತ್ತು ಎಂಬುದನ್ನು ಈಗಲಾದರೂ ಎಣಿಸಬೇಕು.

ಎರಡೂವರೆ ಕೋಟಿ ಟನ್

ಬಿಸಿಲಿಗೆ ಕಾದ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಅದರಲ್ಲಿ ಒಂದು ಪಾಲನ್ನು ಹಿಡಿದು ಮತ್ತೆ ನೆಲದತ್ತ ಕಳಿಸುತ್ತವೆ. ಹಸಿರುಮನೆ ಪರಿಣಾಮ ಎಂದರೆ ಇಷ್ಟೇ. ಇದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ತೊಂದರೆ ಅದರ ಪ್ರಮಾಣದಲ್ಲಿದೆ. ಕಲ್ಲಿದ್ದಲು ಉರಿಸುತ್ತ ಹೋದರೆ ಭೂಮಿ ಬಿಸಿಯೇರುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ 280 ಇತ್ತು; ಈಗ 420 ದಾಟಿದೆ.

ತದಡಿಯ ಸ್ಥಾವರ ಎದ್ದು, ವರ್ಷದ ಶೇ 80ರಷ್ಟು ಸಾಮರ್ಥ್ಯದಲ್ಲಿ ಓಡಿದ್ದರೆ 2,800 ಕೋಟಿ ಯೂನಿಟ್ ವಿದ್ಯುತ್ ಬರುತ್ತಿತ್ತು. ಒಳ್ಳೆಯ ಸ್ಥಾವರದಲ್ಲೂ ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಸುಮಾರು 900 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ವರ್ಷಕ್ಕೆ ಎರಡೂವರೆ ಕೋಟಿ ಟನ್ ಆಯಿತು!

ಕಾಂಡ್ಲಾ ಮತ್ತು ಕಗ್ಗ

ಹೊಗೆ ಬಾರದ ಆ ನೆಲದಲ್ಲಿ ಉಳಿದದ್ದೇನು? ಹೊಳೆಯಂಚಿನ ಉಪ್ಪುನೀರಿನ ಗದ್ದೆಗೆ ಇಲ್ಲಿ ಗಜನಿ ಎನ್ನುತ್ತಾರೆ. ಮಣ್ಣಿನ ಕಟ್ಟೆ, ಅದರ ನಡುವೆ ನೀರು ಬಿಡಲು, ತಡೆಯಲು ಹಲಗೆಯ ಜಂತ್ರಡಿ. ಮಳೆ ಬಿದ್ದು ಉಪ್ಪು ತೊಳೆದುಹೋಗುತ್ತಲೇ ಕಗ್ಗದ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆದು ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುವ, ಉಪ್ಪನ್ನೂ ತಾಳುವ ತಳಿ ಇದು. ಕೊಯ್ಲಾದ ಮೇಲೆ ಜಂತ್ರಡಿ ತೆರೆದು ಭರತದ ನೀರು ಬಿಟ್ಟರೆ ಕೊಳೆತ ಕೂಳೆಯೇ ಸಿಗಡಿ, ಮೀನಿಗೆ ಮೇವು. ಮಾಣಿಕಟ್ಟಾದ ಸುತ್ತ ಈ ಬೇಸಾಯ ಇಂದಿಗೂ ಜೀವ ಹಿಡಿದಿದೆ.

ಗಜನಿಯ ಹಾದಿ ಸುಗಮವಾಗಿರಲಿಲ್ಲ. 1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ಕಟ್ಟೆಗಳು ಬಂದಾಗ ಮಣ್ಣಿನ ಕಟ್ಟೆಗೆ ಕಾವಲಾಗಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಬೆಲೆ ಇಲ್ಲದಾಯಿತು. ಹಿಂದೆಯೇ ಸಿಗಡಿ ಕೃಷಿಯ ಭರಾಟೆ ಬಂತು. ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕರಾವಳಿ ನಿಯಂತ್ರಣ ವಲಯದೊಳಗಿನ ಸಾಂಪ್ರದಾಯಿಕವಲ್ಲದ ಸಿಗಡಿ ಕೆರೆಗಳಿಗೆ ಕಡಿವಾಣ ಹಾಕಿತು. ಅರಣ್ಯ ಇಲಾಖೆ ಕಾಂಡ್ಲಾ ನೆಟ್ಟಿತು. ಬೇಸಾಯ ಬಿಟ್ಟ ಗಜನಿಗಳಲ್ಲಿ ಅದು ತಾನಾಗಿಯೂ ಹಬ್ಬಿತು. ಇದರ ಒಂದು ಜಾತಿಯಲ್ಲಿ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಇಳಿಬಿದ್ದಿರುತ್ತದೆ. ಕಳಚಿ ಬಿದ್ದರೆ ಕೆಸರಿಗೆ ನೆಟ್ಟಗೆ ನಾಟಿ ಅಲ್ಲೇ ಬೇರು ಬಿಡುತ್ತದೆ. ಭರತಕ್ಕೆ ಸಿಕ್ಕರೆ ತೇಲಿ ಇನ್ನೊಂದು ದಂಡೆಗೆ ಹೋಗಿ ಬೇರೂರುತ್ತದೆ.

ಕಾಂಡ್ಲಾದ ದೊಡ್ಡ ಕೆಲಸ ನಡೆಯುವುದು ಕೆಸರಿನಲ್ಲಿ. ಅಲ್ಲಿ ಆಮ್ಲಜನಕ ಇಲ್ಲದ ಕಾರಣ ಬಿದ್ದ ಎಲೆ, ಬೇರು ಬೇಗ ಕೊಳೆಯುವುದಿಲ್ಲ. ಇಂಗಾಲ ನೂರಾರು ವರ್ಷ ಹೂತೇ ಇರುತ್ತದೆ. ಉಪ್ಪುನೀರಿನ ಸಲ್ಫೇಟ್‌ನಿಂದಾಗಿ ಮೀಥೇನ್ ಹುಟ್ಟುವುದೂ ಕಡಿಮೆ. ಹಾಗೆಂದು ಗಿಡ ನೆಟ್ಟು ಹೊಗೆಯ ಲೆಕ್ಕ ತೀರಿಸಲು ಸಾಧ್ಯವಿಲ್ಲ. ಒಂದು ಹೆಕ್ಟೇರ್ ಕಾಂಡ್ಲಾ ಕೆಸರು ವರ್ಷಕ್ಕೆ ಹೂಳುವುದು ಆರೆಂಟು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ರಾಮ್ಸಾರ್‌ನ ಅಷ್ಟೂ 4,801 ಹೆಕ್ಟೇರ್ ಕಾಂಡ್ಲಾವೇ ಎಂದು ಎಣಿಸಿದರೂ ನಲವತ್ತು ಸಾವಿರ ಟನ್ ದಾಟದು. ತದಡಿ ಸ್ಥಾವರದ ಒಂದು ವರ್ಷದ ಹೊಗೆ ಹೂಳಲು ಆರುನೂರು ವರ್ಷ ಬೇಕಿತ್ತು.

ಮುಂದಿನ ಅಹವಾಲಿಗೆ

1900ರಿಂದೀಚೆಗೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಅರಬ್ಬಿ ಸಮುದ್ರ ಬಿಸಿಯಾಗಿದೆ. 2021ರ ಮೇ ತಿಂಗಳಲ್ಲಿ ತೌತೆ ಚಂಡಮಾರುತ ನಮ್ಮ ದಂಡೆಯನ್ನು ಕೊರೆದದ್ದು ಎಲ್ಲರಿಗೂ ನೆನಪಿದೆ. ಧಾರೇಶ್ವರದಂಥ ತೀರದ ಊರುಗಳಿಗೆ ಕಾಂಡ್ಲಾ, ಕಗ್ಗ ಬೇಕಿರುವುದು ಮುಖ್ಯವಾಗಿ ತಾಳಿಕೊಳ್ಳಲು. ಬಿಸಿ ತಗ್ಗಬೇಕಾದರೆ ಕಲ್ಲಿದ್ದಲು ಉರಿಸುವುದು ನಿಲ್ಲಬೇಕು. ರೈತರ ಭೂಮಿ ಗುತ್ತಿಗೆಗೆ ಪಡೆದು ಪಾವಗಡದಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ತಿನ ವ್ಯವಸ್ಥೆ ಮಾಡಿದ ರಾಜ್ಯಕ್ಕೆ ಆ ದಾರಿ ಹೊಸದಲ್ಲ.

ಆದರೆ ಹಸಿರು ಎಂದು ಹಣೆಪಟ್ಟಿ ಹಚ್ಚಿಕೊಂಡು ಬಂದದ್ದೆಲ್ಲವನ್ನೂ ಕಣ್ಮುಚ್ಚಿ ಒಪ್ಪಬೇಕಿಲ್ಲ. ಹೊನ್ನಾವರದ ಮೇಲ್ಭಾಗದಲ್ಲಿ ತಳಕಳಲೆ–ಗೇರುಸೊಪ್ಪ ನಡುವೆ ಪ್ರಸ್ತಾಪವಾಗಿರುವ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಕಾಡನ್ನೇ ಕೇಳುತ್ತಿದೆ. ತಪ್ಪುವ ಹೊಗೆ ಎಷ್ಟು, ಅಳಿಯುವ ಕಾಡು ಎಷ್ಟು ಎಂಬ ಎರಡೂ ಲೆಕ್ಕ ಕನ್ನಡದಲ್ಲಿ, ಜನರ ಮುಂದೆ ಬರಬೇಕು. ತದಡಿಯಲ್ಲಿ ಬಳಚು ಆಯುವವರು ತಮ್ಮ ಹೊಳೆಯ ಬಗ್ಗೆ ಕೇಳಿದ ಪ್ರಶ್ನೆಗಳೇ ವರ್ಷಕ್ಕೆ ಎರಡೂವರೆ ಕೋಟಿ ಟನ್ ಹೊಗೆಯನ್ನು ತಡೆದವು. ಯೋಜನೆಗಳ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಹಾಗೆ ಕೇಳುವ ಹಕ್ಕನ್ನು ಉಳಿಸಿಕೊಳ್ಳುವುದು ತಾಪಮಾನ ತಗ್ಗಿಸುವ ಉಪಾಯಗಳ ಪಟ್ಟಿಯಲ್ಲಿ ಮೊದಲಿಗೆ ಬರಬೇಕು.